ಕೆಂಪು ಗೆರೆ ಯಾರ ಕೆಳಗೆ

ಜೂನ್ 3, ಮಂಗಳವಾರ. ಊಟಕ್ಕೆ ಮುಂಚೆ

ಸಿಕ್ಕಿತು, ಸಿಕ್ಕಿತು, ನನಗೇ ಸಿಕ್ಕಿತು — ಎರರ್ ಮೆಸೇಜುಗಳ ಕೆಲಸ ಪೂರ್ತಿ ನನ್ನದು! ಸಂಜೆವರೆಗೆ ಕಾದರೆ ಹೊಟ್ಟೆ ಒಡೆದುಹೋಗುತ್ತದೆ, ಈಗಲೇ ಬರೆದುಬಿಡುತ್ತೇನೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಅದರ ಮೇಲೆ ಇದೂ. ಇಷ್ಟೊಂದು ಖುಷಿ ಒಬ್ಬಳಿಗೇ ಯಾಕೆ ಅಂತ ಯಾರಾದರೂ ಕೇಳಿಯಾರು. ಕೇಳಲಿ.

ಮೀಟಿಂಗ್‌ನಲ್ಲಿ ಶಾರ್ಟ್‌ಕಟ್ ಸಾರ್ ಕೇಳಿದರು, "ಇದನ್ನ ಯಾರು ಮಾಡ್ತೀರಾ?" ಶಾರ್ಟ್‌ಕಟ್ ಸಾರ್ ಅಂದರೆ ನಮ್ಮ ಟೀಮ್ ಲೀಡ್, ಎಲ್ಲಕ್ಕೂ ಒಳದಾರಿ ಹುಡುಕುವವರು. ಎಲ್ಲರೂ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಕೈ ಎತ್ತಿದೆ.

"ಸರಿ. ಹೇಗೂ ತಿಂಗಳ ಕೊನೆಗೆ ಗಂಡನ ಊರಿಗೆ ಹೋಗೋಳು. ಗುಡಿಸಿ ಒರೆಸಿ ಇಟ್ಟು ಹೋಗು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ — ನೋಡ್ತಾ ಇರಿ ಸಾರ್.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಿಗಾಗಿ ಮಾಡಿದ ಪುಟ್ಟ ಭಾಷೆ. ಮಿಲ್ಲಿನವರು ಅದರಲ್ಲಿ ರೆಸಿಪಿ ಬರೆಯುತ್ತಾರೆ. ನಮ್ಮ ಕಂಪೈಲರ್ ಓದುತ್ತದೆ. ಸರಿ ಇದ್ದರೆ ಯಂತ್ರಕ್ಕೆ ಕಳಿಸುತ್ತದೆ, ತಪ್ಪಿದ್ದರೆ ತಡೆಯುತ್ತದೆ. ತಡೆದು ಏನನ್ನುತ್ತದೆ? ಇಡೀ ಸಾಲಿನ ಕೆಳಗೆ ಉದ್ದಕ್ಕೆ ಕೆಂಪು ಗೆರೆ, ಜೊತೆಗೆ "ಆರ್ಗ್ಯುಮೆಂಟುಗಳು ಹೊಂದುತ್ತಿಲ್ಲ." ಮುಗಿಯಿತು. ಯಾವ ಆರ್ಗ್ಯುಮೆಂಟು, ಏನು ಬೇಕಿತ್ತು, ಏನು ಕೊಟ್ಟಿದ್ದಾರೆ — ಉಹೂಂ. ನಮ್ಮ ಕಾನ್ವೆಂಟಿನ ಜಿಯಾಗ್ರಫಿ ಮಿಸ್ ಇಡೀ ಪುಟಕ್ಕೆ ಅಡ್ಡ ಗೆರೆ ಎಳೆದು "ಕೇರ್‌ಲೆಸ್" ಅಂತ ಬರೆಯುತ್ತಿದ್ದರು, ಥೇಟ್ ಹಾಗೆ. ಎಲ್ಲಿ ಕೇರ್‌ಲೆಸ್ ಮಿಸ್ ಅಂತ ಕೇಳಿ ಹೊರಗೆ ನಿಂತಿದ್ದು ಯಾರು? ನಾನೇ.

ಜೂನ್ 5, ಗುರುವಾರ. ಸಂಜೆ, ಬಾಲ್ಕನಿ

ಗುಂಗುರು ಫೋನ್ ಮಾಡಿದ್ದ. ಗುಂಗುರು — ನನ್ನ ಗಂಡ! ಕೂದಲು ಹಾಗಿದೆ. ದನದ ಡಾಕ್ಟರು, ಒಂದು ಹಗಲಿನ ರೈಲು ಪ್ರಯಾಣದಷ್ಟು ದೂರದ ಬಂದರು ಊರಿನಲ್ಲಿ. "ನನ್ನ ಗಂಡ" ಅಂತ ಬರೆಯುವಾಗ ಇನ್ನೂ ಪೆನ್ನು ನಗುತ್ತದೆ.

ಕೆಲಸ ಏನು ಅಂತ ಕೇಳಿದ. ಹೇಳಿದೆ: "ಒಂದು ಆಜ್ಞೆ ಅಂತ ಇಟ್ಕೋ. ಅದರ ಬ್ರಾಕೆಟ್ ಒಳಗೆ ನಾಲ್ಕು ವಿಷಯ ಕೊಡಬೇಕು, ಇದೇ ಕ್ರಮದಲ್ಲಿ. ಎಷ್ಟು ನೀರು, ಎಷ್ಟು ಬಿಸಿ, ಎಷ್ಟು ನಿಮಿಷ, ಯಾವ ಬಣ್ಣ. ಅವೇ ಆರ್ಗ್ಯುಮೆಂಟು. ಒಂದು ಕೆಟ್ಟರೂ ನಮ್ಮ ಕಂಪೈಲರ್ ನಾಲ್ಕನ್ನೂ ಬೈಯುತ್ತೆ."

"ನನ್ನ ಪೇಷಂಟ್‌ಗಳೂ ಅಷ್ಟೇ ಕಣೆ. ಎಲ್ಲಿ ನೋವು ಅಂತ ಹೇಳಲ್ಲ, ಒದೀತಾವೆ."

ನಕ್ಕು ನಕ್ಕು ಕಣ್ಣಲ್ಲಿ ನೀರು. ಇವತ್ತೇ ಬೆಳಿಗ್ಗೆ ಮೊದಲ ಸಲ ಕೆಲಸ ಮಾಡಿತು ಅಂತ ಹೇಳಿದೆ. ನಿಮಿಷದ ಜಾಗದಲ್ಲಿ ಬಣ್ಣದ ಹೆಸರು ಕೊಟ್ಟು ನೋಡಿದೆ. ಕೆಂಪು ಗೆರೆ ಚಿಕ್ಕದಾಗಿ, ಆ ಒಂದರ ಕೆಳಗೆ ಮಾತ್ರ! "ಮೂರನೆಯದು ನಿಮಿಷ, ನಂಬರ್ ಬೇಕು, ನೀವು ಬಣ್ಣ ಕೊಟ್ಟಿದ್ದೀರಿ." ಕಾರಿಡಾರಿನಲ್ಲಿ ಕುಣಿದೆ. ಸೆಕ್ಯುರಿಟಿಯವನು ಏನಾದರೂ ಕಚ್ಚಿತಾ ಮೇಡಂ ಅಂತ ಓಡಿ ಬಂದ.

ಜೂನ್ 10, ಮಂಗಳವಾರ

ಒಂದು ಮಿಲ್ಲಿನಲ್ಲಿ ಹೊಸ ಮೆಸೇಜುಗಳ ಟ್ರಯಲ್ ಹಾಕಿದ್ದೇವೆ. ಅಲ್ಲಿ ರೆಸಿಪಿ ನೋಡಿಕೊಳ್ಳುವ ಸೂಪರ್‌ವೈಸರಮ್ಮ ನೇರ ನನಗೇ ಫೋನ್ ಮಾಡಿದರು. ಹಲೋ ಇಲ್ಲ, ಏನಿಲ್ಲ.

"ಈ ಹೊಸ ಬೈಗುಳ ಬರೆದೋಳು ನೀನೇನಾ?"

"ಹೌದು ಮೇಡಂ..."

"ಅಂತೂ ನಿಮ್ಮ ಕಂಪ್ಯೂಟರಿಗೆ ಬಾಯಿ ಬಂತು. ಇಷ್ಟು ದಿನ ಬರೀ ಸಿಡುಕ್ತಿತ್ತು. ಮದುವೆ ಆಗಿದೆಯಾ?"

"ಹೋದ ತಿಂಗಳು."

"ಅದಕ್ಕೇ. ಇನ್ನೂ ಮೆತ್ತಗಿದೀಯ."

ಫೋನ್ ಇಟ್ಟರು. ಅದು ಹೊಗಳಿಕೆಯಾ? ಹೊಗಳಿಕೆಯೇ. ಮೂರು ಸಲ ಗುಂಗುರುಗೆ ಹೇಳಿದೆ.

ಈಗ ಕಷ್ಟದ ಭಾಗ. ನಾಲ್ಕರಲ್ಲಿ ಒಂದನ್ನು ಬಿಟ್ಟೇ ಬರೆದರೆ? ಅದರ ಆಮೇಲಿನವೆಲ್ಲ ಒಂದೊಂದು ಜಾಗ ಮುಂದೆ ಸರಿಯುತ್ತವೆ, ಸರಿ ಇರುವವೂ ತಪ್ಪಾಗಿ ಕಾಣುತ್ತವೆ. ಬಿಟ್ಟದ್ದು ಯಾವುದು ಅಂತ ಕಂಪೈಲರ್ ಊಹಿಸಬೇಕು. ಬಣ್ಣ ಬಿಟ್ಟರೆ ಸುಲಭ, ಅದು ಹೆಸರು. ನೀರು ಬಿಟ್ಟರೂ ಗೊತ್ತಾಗುತ್ತದೆ, ಅದು ನೂರಾರು ಲೀಟರಿನ ಲೆಕ್ಕ. ಬಿಸಿ, ನಿಮಿಷ — ಎರಡೂ ಚಿಕ್ಕ ನಂಬರು. ಒಂದೇ ಇದ್ದರೆ ಅದು ಬಿಸಿ, ಬಿಟ್ಟದ್ದು ನಿಮಿಷ ಅಂತ ಇಟ್ಟುಕೊಂಡೆ. ಮರೆಯುವವರು ಆಮೇಲೆ ಬರುವುದನ್ನು ತಾನೇ ಮರೆಯುವುದು. ಬಾಣದ ಗುರುತು ಬೇರೆ ಹಾಕಿ ಮಿಲ್ಲಿಗೂ ಕಳಿಸಿದೆ: "ಇಲ್ಲಿ ನಿಮಿಷ ಬಿಟ್ಟುಹೋಗಿದೆ." ಎಷ್ಟು ನೀಟು! ಎಷ್ಟು ಧೈರ್ಯವಾಗಿ ಹೇಳುತ್ತದೆ!

ಜೂನ್ 13, ಶುಕ್ರವಾರ. ಬೆಳಿಗ್ಗೆ

ಅತ್ತೆಯ ಫೋನು. ಅತ್ತೆ ಒಳ್ಳೆಯವರು. ಆದರೆ ಅವರ ಬೈಗುಳಕ್ಕೆ ವಿಳಾಸ ಇರುವುದಿಲ್ಲ.

"ಈ ಕಾಲದ ಹುಡುಗೀರಿಗೆ ಸ್ವಲ್ಪ..."

"ಸ್ವಲ್ಪ ಏನತ್ತೆ?"

"ಏನಿಲ್ಲ ಬಿಡಮ್ಮ. ಎಲ್ಲ ಹಾಗೇ ಇದೆ."

"ಇಲ್ಲ ಹೇಳಿ. ಯಾವುದು ಸರಿ ಇಲ್ಲ? ಮದುವೆ ಆದಮೇಲೂ ಇಲ್ಲೇ ಇರೋದಾ, ದಿನಾ ಫೋನ್ ಮಾಡದಿರೋದಾ, ಅಡುಗೆ ಬರದಿರೋದಾ?"



"ಅಡುಗೆ ಬರಲ್ವಾ?"

ಅಯ್ಯೋ ದೇವರೇ.

ತಿಂಗಳ ಕೊನೆಗೆ ಬಂದೇ ಬರ್ತೀನಿ ಅತ್ತೆ, ಹೊಸ ಮೆಸೇಜುಗಳ ರಿಲೀಸ್ ಮುಗಿಸಿ ಅಂದೆ. ಅಲ್ಲೊಂದು ಸಾಫ್ಟ್‌ವೇರ್ ಆಫೀಸಿಗೆ ಅರ್ಜಿ ಹಾಕಿದ್ದೇನೆ, ಇಲ್ಲಿಯ ಅನುಭವದ ಸರ್ಟಿಫಿಕೇಟ್ ತಂದರೆ ಆಯಿತು ಅಂದಿದ್ದಾರೆ. ಅದನ್ನೂ ಹೇಳಿದೆ. "ಹಾಗಾದ್ರೆ ಅಡುಗೆ?" ಅಂದರು.

ಜೂನ್ 17, ಮಂಗಳವಾರ



ಮಿಲ್ಲಿನಲ್ಲಿ ಒಂದು ಇಡೀ ಬ್ಯಾಚ್ ಉಣ್ಣೆ ಬಟ್ಟೆ ಹಾಳಾಯಿತು. ಉಣ್ಣೆ ಕುದ್ದರೆ ಕುಗ್ಗಿ ಗಟ್ಟಿ ಕಂಬಳಿಯ ಥರ ಆಗುತ್ತದಂತೆ. ಹಾಗೇ ಆಗಿದೆ.

ಹಿಂದಿನ ಪಾಳಿಯವರು ಒಂದು ಸಾಲು ಅರ್ಧ ಬರೆದಿಟ್ಟು ಹೋಗಿದ್ದರು: ನೀರು ಎಂಟುನೂರು, ಆಮೇಲೆ ತೊಂಬತ್ತು, ಆಮೇಲೆ ಬಣ್ಣ. ಅವರ ಮನಸ್ಸಿನಲ್ಲಿದ್ದದ್ದು ತೊಂಬತ್ತು ನಿಮಿಷ. ಬಿಟ್ಟದ್ದು ಬಿಸಿ. ನನ್ನ ಕಂಪೈಲರ್ ಬಾಣ ಹಾಕಿ ಹೇಳಿತು — "ಇಲ್ಲಿ ನಿಮಿಷ ಬಿಟ್ಟುಹೋಗಿದೆ." ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಸೂಪರ್‌ವೈಸರಮ್ಮ ಅದನ್ನು ನಂಬಿ ಅಲ್ಲಿ ಮೂವತ್ತು ಅಂತ ಸೇರಿಸಿದರು. ತೊಂಬತ್ತು ನಿಮಿಷ ಹೋಗಿ ತೊಂಬತ್ತು ಡಿಗ್ರಿ ಬಿಸಿಯಾಯಿತು. ಕಂಪೈಲರ್ ಖುಷಿಯಾಗಿ ಸರಿ ಅಂದಿತು. ಕುದ್ದೇ ಕುದಿಯಿತು.

ಹಳೆಯ ಪೆದ್ದು ಮೆಸೇಜ್ ಇದ್ದಿದ್ದರೆ? ಇಡೀ ಸಾಲಿನ ಕೆಳಗೆ ಗೆರೆ. ಬೈದುಕೊಂಡಾದರೂ ಇಡೀ ಸಾಲನ್ನು ನೋಡುತ್ತಿದ್ದರು. ನೋಡದಂತೆ ಮಾಡಿದ್ದು ನಾನು. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬೆರಳು ಮಾಡಿ ತೋರಿಸಿದೆ.

ಗುಂಗುರು ಫೋನ್ ಎರಡು ಸಲ ಬಂತು. ಎತ್ತಲಿಲ್ಲ.

ಜೂನ್ 18, ಬುಧವಾರ. ಆಫೀಸು, ಮೆಟ್ಟಿಲ ಮೇಲೆ ಕೂತು

ಶಾರ್ಟ್‌ಕಟ್ ಸಾರ್ ಬೈಯಲೇ ಇಲ್ಲ! ಕುರ್ಚಿ ಕೊಟ್ಟರು. ಟೀ ತರಿಸಿದರು. ಆಗಲೇ ಭಯವಾಯಿತು.

"ಎರಡೇ ಕೆಲಸ. ಒಂದು, ನಿನ್ನ ಮೆಸೇಜುಗಳನ್ನೆಲ್ಲ ತೆಗೆದು ಹಳೇದು ವಾಪಸ್ ಹಾಕು. ಎರಡು, ಇಲ್ಲೊಂದು ಸೈನ್ ಮಾಡು."

ಮಿಲ್ಲಿನ ಮಾಲೀಕರಿಗೆ ರಿಪೋರ್ಟು. ಒಂದೇ ಸಾಲು: ಬಳಸಿದವರು ತಪ್ಪು ನಂಬರು ಕೊಟ್ಟಿದ್ದರಿಂದ ಹೀಗಾಯಿತು.

"ಬಳಸಿದವರು ಅಂದ್ರೆ ಸೂಪರ್‌ವೈಸರಮ್ಮ ತಾನೇ ಸಾರ್?"

"ಮೂವತ್ತು ಅಂತ ಟೈಪ್ ಮಾಡಿದ್ದು ಯಾರು? ಅವರೇ. ಸುಳ್ಳೇನಿದೆ ಇದರಲ್ಲಿ?"

"ಟೈಪ್ ಮಾಡಿ ಅಂತ ಹೇಳಿದ್ದು ನಾವು."

"ನೋಡಮ್ಮ, ಅವರನ್ನ ಆಗಲೇ ರೆಸಿಪಿಯಿಂದ ತೆಗೆದು ಬಟ್ಟೆ ಮಡಿಸೋ ಕಡೆಗೆ ಹಾಕಿದಾರೆ. ಅದು ಮುಗಿದ ಕಥೆ. ನೀನು ಈ ವಾರವೇ ಹೊರಡು. ಸರ್ಟಿಫಿಕೇಟ್ ಚೆನ್ನಾಗಿ ಬರೆದು ಕೊಡ್ತೀನಿ. ಹೊಸ ಮದುವೆ, ಗಂಡನ ಜೊತೆ ಹಾಯಾಗಿರು. ನಿನಗ್ಯಾಕೆ ತಲೆಬಿಸಿ?"

ಬಟ್ಟೆ ಮಡಿಸೋಕೆ! ಫೋನಿನಲ್ಲೇ ನನ್ನನ್ನು ಒಂದು ಮಾತಿಗೆ ಅಳೆದವರನ್ನು!

ಪೆನ್ನು ಮುಚ್ಚಿ ಅವರ ಮೇಜಿನ ಮೇಲಿಟ್ಟೆ. "ಎರಡೂ ಮಾಡಲ್ಲ ಸಾರ್."

"ಏನಂದೆ?"

"ಹೇಳಿದ್ದು ತಪ್ಪಲ್ಲ. ಗೊತ್ತಿಲ್ದೆ ಹೇಳಿದ್ದು ತಪ್ಪು. ಅದನ್ನ ಸರಿ ಮಾಡ್ತೀನಿ. ತೆಗೆಯಲ್ಲ. ಇದಕ್ಕೆ ಸೈನೂ ಮಾಡಲ್ಲ."

"ಹಾಗಾದ್ರೆ ಸರ್ಟಿಫಿಕೇಟ್ ಮರೆತುಬಿಡು."

ಟೀ ಮಾತ್ರ ಕುಡಿದು ಬಂದೆ. ಕೊಟ್ಟ ಟೀ ಯಾಕೆ ಬಿಡಬೇಕು.

ಜೂನ್ 20, ಶುಕ್ರವಾರ. ಸಂಜೆ

ಮೊದಲು ಕೆಲಸದ್ದು. ಬಿಸಿ-ನಿಮಿಷಕ್ಕೆ ಬೇರೆ ಬೇರೆ ಗುರುತು ಹಾಕಿಸಿದರೆ ಈ ಗೊಂದಲವೇ ಇರುವುದಿಲ್ಲ. ಆದರೆ ಆಗ ಎಲ್ಲ ಮಿಲ್ಲಿನ ಹಳೆಯ ರೆಸಿಪಿಗಳೂ ಕೆಡುತ್ತವೆ, ಇರುವುದರಲ್ಲೇ ಮಾಡಬೇಕು. ಹೀಗೆ ಮಾಡಿದೆ: ಖಚಿತ ಇದ್ದರೆ ಒಂದರ ಕೆಳಗೆ ಗೆರೆ. ಖಚಿತ ಇಲ್ಲದಿದ್ದರೆ ಬಾಣ ಇಲ್ಲ. "ಬಿಸಿ, ನಿಮಿಷ — ಎರಡರಲ್ಲಿ ಒಂದು ಬಿಟ್ಟುಹೋಗಿದೆ. ಯಾವುದು ಅಂತ ನನಗೆ ತಿಳಿಯುತ್ತಿಲ್ಲ. ಈ 90 ಬಿಸಿಯೋ, ನಿಮಿಷವೋ?" ಪಕ್ಕದ ಟೇಬಲ್ಲಿನವನು ಓದಿ, "ಕಂಪೈಲರ್ 'ನನಗೆ ತಿಳಿಯುತ್ತಿಲ್ಲ' ಅನ್ನಬಹುದಾ?" ಅಂತ ಕೇಳಿದ. ತಿಳಿಯದಿದ್ದರೆ ಮತ್ತೇನು ಅನ್ನಬೇಕು?

ಈಗ ಗುಂಗುರುದ್ದು.

ಮೊನ್ನೆ ರಾತ್ರಿ ಫೋನಿನಲ್ಲಿ ಎಲ್ಲ ಹೇಳಿದ್ದೆ ಅವನಿಗೆ, ಅತ್ತಿದ್ದೆ ಕೂಡ. ಇವತ್ತು ಮಧ್ಯಾಹ್ನ ಮೊಬೈಲಿಗೆ ಟಿಕೆಟ್ ಬಂತು. ಭಾನುವಾರದ್ದು. ನನ್ನ ಹೆಸರಿನಲ್ಲಿ.

"ಸರ್‌ಪ್ರೈಸ್!" ಅಂದ. "ಆ ಜನರ ಸಹವಾಸ ಸಾಕು. ಬಂದುಬಿಡು."

"ನನ್ನ ಕೇಳಿದ್ಯಾ?"

"ಅಳ್ತಿದ್ದೆಯಲ್ಲ ಕಣೆ. ಬರಬೇಕು ಅನ್ನಿಸ್ತಿದೆ ಅಂತ..."

"ಬರಬೇಕು ಅಂತ ಅತ್ತಿದ್ದಲ್ಲ. ಆ ಅಮ್ಮನಿಗೆ ಹೀಗಾಯ್ತಲ್ಲ ಅಂತ ಅತ್ತಿದ್ದು. ಎರಡರಲ್ಲಿ ಯಾವುದು ಅಂತ ಒಂದು ಮಾತು ಕೇಳೋಕೆ ಏನಾಗಿತ್ತು?"

"ನಾನೇನು ನಿನ್ನ ಶಾರ್ಟ್‌ಕಟ್ ಸಾರಾ, ನನ್ನ ಮೇಲೆ ಯಾಕೆ ರೇಗ್ತೀಯ?"

"ಅವರೂ ಹೊರಡು ಅಂದ್ರು, ನೀನೂ ಹೊರಡು ಅಂತೀಯ. ವ್ಯತ್ಯಾಸ ಎಲ್ಲಿದೆ ಹೇಳು."

ಅಷ್ಟು ಹೇಳಬಾರದಿತ್ತು. ತುಂಬಾ ಮೆತ್ತಗೆ, "ಅಮ್ಮ ನಿನ್ನ ಕೋಣೆಗೆ ಪರದೆ ಹೊಲಿಸಿದ್ರು," ಅಂದು ಫೋನ್ ಇಟ್ಟ.

ಟಿಕೆಟ್ ಕ್ಯಾನ್ಸಲ್ ಮಾಡಿದೆ. ಮಾಡಿದ ಮೇಲೆ ಅರ್ಧ ಗಂಟೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಪರದೆ ಯಾವ ಬಣ್ಣ ಅಂತ ಕೇಳಲೇ ಇಲ್ಲ...

ಜೂನ್ 26, ಗುರುವಾರ. ಮಿಲ್ಲಿನಿಂದ ವಾಪಸ್, ಬಸ್ಸಿನಲ್ಲಿ. ಅಕ್ಷರಗಳು ಕುಣಿಯುತ್ತಿವೆ

ಐದು ದಿನ ಏನೂ ಬರೆಯಲಿಲ್ಲ. ಗುಂಗುರು ಫೋನಿಲ್ಲ, ನಾನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಮಿಲ್ಲಿಗೆ ಹೋಗಲಾ ಅಂತ ಸಾರ್‌ನ ಕೇಳಿದೆ, ದಿನಾ ಬೇಡ ಅಂದರು. ಇವತ್ತು ಕೇಳಲಿಲ್ಲ.

ಒಳಗೆ ಆವಿ, ಒದ್ದೆ ನೆಲ, ಮೂಗಿಗೆ ಹೊಡೆಯುವ ವಾಸನೆ. ಸೂಪರ್‌ವೈಸರಮ್ಮ ಕೊನೆಯ ಮೇಜಿನಲ್ಲಿ ಬಟ್ಟೆ ಮಡಿಸುತ್ತಿದ್ದರು. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ. ಮೊಣಕೈವರೆಗೆ ಹಳೆಯ ನೀಲಿ ಕಲೆ. ನಾನು ಯಾರು ಅಂತ ಹೇಳಿದೆ.

"ಓಹೋ. ಹೊಸ ಮದುಮಗಳು. ಏನು, ಉಣ್ಣೆ ಇನ್ನೂ ಉಳಿದಿದೆಯಾ ಅಂತ ನೋಡೋಕೆ ಬಂದ್ಯಾ?"

"ಮಾಲೀಕರ ಹತ್ರ ಮಾತಾಡಬೇಕು. ನೀವೂ ಬನ್ನಿ. ತಪ್ಪು ನಂದು."

"ಅದು ನನಗೂ ಗೊತ್ತು. ಹತ್ತು ದಿನದಿಂದ ಹೇಳ್ತಾ ಇದೀನಿ, ಯಾರು ಕೇಳ್ತಾರೆ? ನನಗೆ ಓದೋಕೇ ಬರಲ್ಲ ಅಂದ್ರು. ನನ್ನ ಎದುರಿಗೇ." ಬಟ್ಟೆಯನ್ನು ಪಟ್ಟೆಂದು ಮೇಜಿಗೆ ಬಡಿದರು. "ಕ್ಷಮಿಸೋದು ಆಮೇಲೆ ನೋಡೋಣ. ನಡಿ."

ಮಾಲೀಕರ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಅದೇ ಅರ್ಧ ಸಾಲು ಬರೆದೆ, ಅವತ್ತಿನ ಕಂಪೈಲರಿನಲ್ಲೇ ಓಡಿಸಿದೆ. ಬಾಣ ಬಂತು. "ಇಲ್ಲಿ ನಿಮಿಷ ಬಿಟ್ಟುಹೋಗಿದೆ."

"ಇವರು ಓದಿದ್ದು ಇದನ್ನ. ಓದಿ, ಇದು ಹೇಳಿದ್ದನ್ನೇ ಮಾಡಿದ್ರು. ಓದೋಕೆ ಬರದೇ ಇದ್ದಿದ್ರೆ ನಿಮ್ಮ ಬಟ್ಟೆ ಉಳೀತಿತ್ತು."

ಸೂಪರ್‌ವೈಸರಮ್ಮ ಗೊಳ್ಳೆಂದು ನಕ್ಕರು. ಮಾಲೀಕರು ನಗಲಿಲ್ಲ.

"ಅಂದ್ರೆ ನಿಮ್ಮ ಕಂಪನಿ ತಪ್ಪು ಅಂತ ಬರೆದುಕೊಡ್ತೀರಾ?"

ಅವರ ಮೇಜಿನ ಮೇಲಿದ್ದ ಒಂದು ಖಾಲಿ ಹಾಳೆ ಎಳೆದುಕೊಂಡೆ.

"ಇಡೀ ಕಂಪನಿ ತಪ್ಪು ಅಂತ ಬರೆದರೆ ಮತ್ತೆ ಅದೇ ಆಯ್ತು. ಕಂಪೈಲರಿನಲ್ಲಿ ಒಂದು ರೂಲ್ ತಪ್ಪಿತ್ತು. ಯಾವುದು, ಯಾಕೆ, ಬರೆದೋಳು ಯಾರು — ಮೂರೂ ಬರೆದುಕೊಡ್ತೀನಿ. ಬರೆದೋಳು ನಾನು."

ಅಲ್ಲೇ ಬರೆದೆ. ಸಹಿ ಮಾಡಿದೆ. ಗಂಡನ ಮನೆಯ ಹೆಸರು ಸೇರಿಸಿ ಮಾಡಿದ ಮೊದಲ ಸಹಿ ಅದು. ಸೊಟ್ಟಗೆ ಬಂತು.

ಆಮೇಲೆ ಹೊಸ ಮೆಸೇಜ್ ತೋರಿಸಿದೆ. ಸೂಪರ್‌ವೈಸರಮ್ಮ ಲ್ಯಾಪ್‌ಟಾಪ್ ತಮ್ಮ ಕಡೆಗೆ ಎಳೆದುಕೊಂಡು ಬೇಕೆಂದೇ ಕೆಡಿಸುತ್ತ ಹೋದರು. ಬಣ್ಣ ಬಿಟ್ಟರು, ನೀರು ಬಿಟ್ಟರು, ಎರಡು ಸಲ ಬಣ್ಣ ಕೊಟ್ಟರು. ಪ್ರತಿ ಸಲ ಗೆರೆ ಸರಿಯಾದದ್ದರ ಕೆಳಗೇ ಬಂತು. ಕೊನೆಗೆ ಆ ತೊಂಬತ್ತು. "ಎರಡರಲ್ಲಿ ಒಂದು ಬಿಟ್ಟುಹೋಗಿದೆ. ಯಾವುದು ಅಂತ ನನಗೆ ತಿಳಿಯುತ್ತಿಲ್ಲ."

ಎರಡು ಸಲ ಓದಿದರು. ಮಾಲೀಕರ ಕಡೆ ತಿರುಗಿ, "ನೋಡಿ ಸ್ವಾಮಿ, ಈ ಕೋಣೆಯಲ್ಲಿ ಈ ಮಾತು ಹೇಳಿದ್ದು ಇದೇ ಮೊದಲು. ಅದೂ ಮೆಷಿನ್ನು!"

ಮಾಲೀಕರು ತುಂಬಾ ಹೊತ್ತು ನನ್ನ ಬರಹ ನೋಡಿದರು. "ಸೋಮವಾರದಿಂದ ರೆಸಿಪಿ ನೀವೇ ನೋಡ್ಕೊಳ್ಳಿ," ಅಂದರು ಅವರಿಗೆ. ನನಗೆ — "ನಿಮ್ಮ ಸಾರ್‌ಗೆ ಹೇಳಿ, ನಮಗೆ ಈ ಹೊಸದೇ ಬೇಕು. ಹಳೇದು ಕಳಿಸಿದ್ರೆ ವಾಪಸ್ ಕಳಿಸ್ತೀನಿ."

ಗೇಟಿನವರೆಗೆ ಸೂಪರ್‌ವೈಸರಮ್ಮ ಬಂದರು. ಕ್ಷಮಿಸಿದಿರಾ ಅಂತ ಕೇಳಿದೆ.

"ಉಣ್ಣೇದು ಕ್ಷಮಿಸಿದೆ. ಇಷ್ಟು ತಡವಾಗಿ ಬಂದದ್ದು ಇನ್ನೂ ಇಲ್ಲ."

ಎಷ್ಟು ಸ್ಪಷ್ಟ! ಐ ಲವ್ ಹರ್.

ಜೂನ್ 27, ಶುಕ್ರವಾರ

ಶಾರ್ಟ್‌ಕಟ್ ಸಾರ್ ಬಾಗಿಲು ಹಾಕಿಸಿದರು. "ನನ್ನ ಕೇಳ್ದೆ ಹೋಗಿದ್ಯಾ?"

"ಕೇಳ್ತಾನೇ ಇದ್ದೆ ಸಾರ್. ನೀವು ಬೇಡ ಅಂತಿದ್ರಿ. ಅದಕ್ಕೇ ನಿನ್ನೆ ಕೇಳ್ಲಿಲ್ಲ."

ಮಿಲ್ಲಿನವರ ಮೇಲ್ ಬಂದಿತ್ತು. ಹೊಸ ಮೆಸೇಜುಗಳು ರಿಲೀಸಿಗೆ ಹೋಗುತ್ತವೆ — "ನನಗೆ ತಿಳಿಯುತ್ತಿಲ್ಲ" ಅನ್ನುವುದೂ ಸೇರಿ. ಹಾಗಂತ ಹೇಳುವಾಗ ಸಾರ್ ಮುಖ ಭೇದಿ ಔಷಧಿ ಕುಡಿದವರ ಹಾಗಿತ್ತು.

"ಸರ್ಟಿಫಿಕೇಟಿನಲ್ಲಿ ನಡತೆ ಸರಿ ಇಲ್ಲ ಅಂತ ಬರೀತೀನಿ."

"ಬರೀರಿ ಸಾರ್. ಯಾವ ನಡತೆ ಅಂತಾನೂ ಬರೀರಿ. ಸುಳ್ಳು ರಿಪೋರ್ಟಿಗೆ ಸೈನ್ ಮಾಡಲಿಲ್ಲ ಅಂತ ಪೂರ್ತಿ ಬರೀರಿ. ಅದನ್ನೇ ತಗೊಂಡು ಹೋಗಿ ಹೊಸ ಆಫೀಸಿನಲ್ಲಿ ತೋರಿಸ್ತೀನಿ."

ಬರೆಯಲಿಲ್ಲ. ಕೊಡಲೂ ಇಲ್ಲ. ಸರ್ಟಿಫಿಕೇಟ್ ಇಲ್ಲದೆ ಆ ಕೆಲಸ ಸಿಗುತ್ತದಾ? ಗೊತ್ತಿಲ್ಲ. ಸಿಗದಿದ್ದರೆ ಬೇರೆ ಹುಡುಕುತ್ತೇನೆ. ಆದರೆ ಆ ಪೆನ್ನನ್ನು ಮತ್ತೆ ಮೇಜಿನ ಮೇಲೇ ಇಡುತ್ತೇನೆ, ನೂರು ಸಲ ಕೊಟ್ಟರೂ.

ಜೂನ್ 28, ಶನಿವಾರ. ಬೆಳಿಗ್ಗೆ

ಗುಂಗುರು ಫೋನ್! ಎಂಟು ದಿನದ ಮೇಲೆ! ಧ್ವನಿ ಕೇಳಿ ಎದೆ ಬಡಿದುಕೊಂಡ ರಭಸಕ್ಕೆ ಮೊದಲ ವಾಕ್ಯ ಕೇಳಿಸಲೇ ಇಲ್ಲ, ಮತ್ತೆ ಹೇಳಿಸಿದೆ.

"ಕೇಳಬೇಕಿತ್ತು. ಕೇಳಲಿಲ್ಲ. ಅದೊಂದು ನನ್ನ ತಪ್ಪು ಅಂದೆ."

"ನೀನೂ ಅವರೂ ಒಂದೇ ಅಂದದ್ದು ನನ್ನ ತಪ್ಪು. ಒಂದೇ ಅಲ್ಲ. ಅವರಿಗೆ ಕೂದಲೇ ಇಲ್ಲ."

ನಕ್ಕ. ಆ ನಗು! ಮಿಲ್ಲಿನ ಕಥೆ ಮೊದಲಿನಿಂದ ಹೇಳಿದೆ. ಸೂಪರ್‌ವೈಸರಮ್ಮನ ಮಾತು ಬಂದಾಗ ಅಮ್ಮಾ, ಇಲ್ಲಿ ಬಾ ಅಂತ ಕರೆದು ಸ್ಪೀಕರಿಗೆ ಹಾಕಿದ. ಅತ್ತೆ ಪೂರ್ತಿ ಕೇಳಿದರು.

"ಸರ್ಟಿಫಿಕೇಟ್ ಕೊಡ್ಲಿಲ್ವಾ?"

"ಇಲ್ಲ ಅತ್ತೆ. ಕೆಲಸ ಸಿಗೋದು ತಡ ಆಗಬಹುದು."

"ಆಗ್ಲಿ ಬಿಡು. ಸೈನ್ ಮಾಡದೇ ಇದ್ದದ್ದು ಒಳ್ಳೇದಾಯ್ತು." ಆಮೇಲೆ — "ಅಡುಗೆ ಬರದಿರೋದು ಒಳ್ಳೇದಲ್ಲ. ಬೇರೆ ಏನೂ ಇಲ್ಲ, ಅದೊಂದೇ."

ಅತ್ತೆ! ಮೊದಲ ಸಲ ವಿಳಾಸ ಬರೆದು ಕಳಿಸಿದ ಬೈಗುಳ! ಅಡುಗೆ ನಿಮ್ಮ ಮಗ ಕಲೀತಾನೆ ಅತ್ತೆ ಅಂದೆ. ಅವನಿಗೆ ಕೆಮ್ಮು ಬಂತು.

ಆಮೇಲೆ ಸ್ಪೀಕರ್ ತೆಗೆದು ಕೇಳಿದ. "ಈ ಸಲ ಟಿಕೆಟ್ ಮಾಡಿಲ್ಲ. ಬರ್ತೀಯಾ?"

"ಬರ್ತೀನಿ."

"ಯಾವತ್ತು ಅಂತ ನಾನು ಕೇಳಲ್ಲ. ಎಲ್ಲ ರೈಲುಗಳ ಟೈಮ್ ಕಳಿಸ್ತೀನಿ. ಒಳ್ಳೇ ಫಾಸ್ಟ್ ಇರೋವಕ್ಕೆ ಗುರುತು ಹಾಕಿದೀನಿ, ಅಷ್ಟೇ."

ಕಳಿಸಿದ. ಗುರುತು ಹಾಕಿದವು ಮೂರೂ ರಾತ್ರಿ ಹೊರಟು ಕತ್ತಲಲ್ಲೇ ಮುಟ್ಟಿಸುತ್ತವೆ. ನನಗೆ ಸಮುದ್ರ ನೋಡುತ್ತ ಬರಬೇಕು. ಕಿಟಕಿ ಪಕ್ಕ ಕೂತು, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತ, ನನ್ನ ದುಡ್ಡಲ್ಲಿ. ಬುಕ್ ಮಾಡಿದೆ. ಈಗ ಅವನಿಗೆ ಮೆಸೇಜ್. ಒಂದು ಅಕ್ಷರ ಆಚೀಚೆ ಆಗಬಾರದು, ಇಲ್ಲೇ ಬರೆದು ನೋಡಿಕೊಂಡು ಕಳಿಸುತ್ತೇನೆ —

ಸೋಮವಾರ. ನೀನು ಗುರುತು ಹಾಕದ ರೈಲು. ಸಂಜೆ ಐದೂಮುಕ್ಕಾಲಿಗೆ ಬಂದು ನಿಲ್ಲುವ ಕರಾವಳಿ ಪ್ಯಾಸೆಂಜರ್, ಹಿಂದಿನಿಂದ ಎರಡನೇ ಬೋಗಿ, ಕಿಟಕಿ ಪಕ್ಕದ ಸೀಟು.